ಪುಡ್ಡೌನ್ ಮೇಷ್ಟ್ರು

ಸತ್ತವರ ಬಗ್ಗೆ ಬರೆಯುವಾಗ ಒಳ್ಳೆಯ ಮಾತಿನಿಂದ ಶುರು ಮಾಡಬೇಕೆಂಬ ಸಂಪ್ರದಾಯವನ್ನು ನಾನು ಗೌರವಿಸುತ್ತೇನೆ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ: ನಮ್ಮ ಇಂಗ್ಲಿಷ್ ಮೇಷ್ಟ್ರು ಎಡಗೈಯಿಂದ ಎಂದೂ ಯಾರನ್ನೂ ಹೊಡೆದವರಲ್ಲ.

ಎಡಗೈ ಅವರಿಗೆ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಇಳಿಸುವ ಕೆಲಸಕ್ಕೆ ಮೀಸಲಾಗಿತ್ತು. ಮಿಕ್ಕದ್ದು ಬಲಗೈ ನೋಡಿಕೊಳ್ಳುತ್ತಿತ್ತು. ಈ ಎರಡು ಕೆಲಸಗಳ ನಡುವೆ ಸಿಗುವ ಅರೆಗಳಿಗೆಯಲ್ಲಿ ತಪ್ಪಿಸಿಕೊಳ್ಳುವವನು ಜಾಣ ಎಂಬುದು ನಮ್ಮ ಶಾಲೆಯ ಹುಡುಗರು ಪಠ್ಯಪುಸ್ತಕದ ಹೊರಗೆ ಕಲಿತ ಮೊದಲ ಪಾಠ. ಹನೂರಿನಿಂದ ಕೊಳ್ಳೇಗಾಲದವರೆಗೆ ಇವತ್ತು ಟೆಂಪೊ ಓಡಿಸುತ್ತ, ಗೊಬ್ಬರದಂಗಡಿ ಇಟ್ಟುಕೊಂಡು, ಪಂಚಾಯಿತಿ ಮೆಂಬರಾಗಿ ಬಾಳುತ್ತಿರುವ ನಡುವಯಸ್ಸಿನ ಗಂಡಸರಲ್ಲಿ ಅನೇಕರು ಎದುರಿಗಿದ್ದವರು ಕನ್ನಡಕ ತೆಗೆದರೆ ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಕೊಳ್ಳೇಗಾಲಕ್ಕೆ ಹೊಸದಾಗಿ ಬಂದ ಕಣ್ಣಿನ ಡಾಕ್ಟರೊಬ್ಬರು, ಈ ಸೀಮೆಯ ರೋಗಿಗಳಿಗೆ ಇದೇನು ನರದೌರ್ಬಲ್ಯ ಎಂದು ನನ್ನನ್ನೇ ವಿಚಾರಿಸಿದ್ದರು.

ಹುಟ್ಟಿದ್ದು ಯಳಂದೂರು, ಮನೆ ಮಾಡಿದ್ದು ಕೊಳ್ಳೇಗಾಲ, ಹೊಡೆದದ್ದು ಹನೂರು ಕಡೆ. ಅವರ ಜೀವನಚರಿತ್ರೆ ಬೇಕೆಂದವರಿಗೆ ಇಷ್ಟು ಸಾಕು. ನಾನು ಅದೇ ಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದೆ. ಅಕ್ಕಪಕ್ಕದ ಕೊಠಡಿಗಳಲ್ಲಿ ಪಾಠ ಮಾಡುತ್ತ ನಾವಿಬ್ಬರೂ ಮುದುಕರಾದೆವು. ನಡುವಿನ ಗೋಡೆ ತೆಳುವಾಗಿದ್ದುದರಿಂದ ನನ್ನ ತರಗತಿಯ ಮಕ್ಕಳು ಷಟ್ಪದಿಯ ಗಣಗಳನ್ನು ಆಚೆ ಕಡೆಯ ಏಟುಗಳ ಲಯಕ್ಕೆ ಹೊಂದಿಸಿಕೊಂಡು ಕಲಿತರು. ಅವರ ಛಂದಸ್ಸು ಇಂದಿಗೂ ತಪ್ಪುವುದಿಲ್ಲ.

ಇಂಗ್ಲಿಷಿನ ಬಗ್ಗೆ ಅವರಿಗೆ ಒಂದು ಸಿದ್ಧಾಂತವಿತ್ತು. ನಾಮಪದವನ್ನು ನೋಡಬೇಕು, ವಿಶೇಷಣವನ್ನು ಮೂಸಬೇಕು, ಕ್ರಿಯಾಪದವನ್ನು ಮೈಮೇಲೆ ತೆಗೆದುಕೊಳ್ಳಬೇಕು. ಅದರಲ್ಲೂ ಬಾಲವಿರುವ ಕ್ರಿಯಾಪದಗಳೆಂದರೆ ಅವರಿಗೆ ಪ್ರಾಣ.

"ಪುಟ್ ಅನ್ನೋನು ಸೋಂಬೇರಿ ಕಣ್ರಲಾ," ಎನ್ನುತ್ತಿದ್ದರು. "ಒಬ್ನೇ ಇದ್ರೆ ಜಗುಲಿ ಮೇಲೆ ಕುಂತಿರ್ತಾನೆ. ಇಂದ್ಗಡೆ ಒಂದ್ ಬಾಲ ಅಂಟ್ಸಿ ನೋಡಿ, ಕಚ್ತಾನೆ."

ಎಲ್ಲ ಬಾಲಗಳಲ್ಲೂ ಅವರಿಗೆ ಪ್ರಿಯವಾದದ್ದು ‘ಡೌನ್’. ಪುಟ್ ಡೌನ್ ಎಂಬುದರ ಅರ್ಥಗಳನ್ನು ಕಪ್ಪು ಹಲಗೆಯ ಮೇಲೆ ಬರೆದು ಮುಗಿಸುವುದು ಅವರ ದೃಷ್ಟಿಯಲ್ಲಿ ಹೇಡಿತನ. ಒಂದೊಂದು ಅರ್ಥವನ್ನೂ ಮಾಡಿ ತೋರಿಸಬೇಕು. ಮೊದಲನೆಯದು, ಎತ್ತಿದ್ದನ್ನು ಕೆಳಗಿಡುವುದು. ಇದಕ್ಕಾಗಿ ತರಗತಿಯ ಅತಿ ದಪ್ಪ ಹುಡುಗನನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಇಳಿಸುತ್ತಿದ್ದರು. ಎಷ್ಟು ಎತ್ತರದಿಂದ ಇಳಿಸುತ್ತಾರೆಂಬುದು ಅವತ್ತಿನ ಬಸ್ಸಿನಲ್ಲಿ ಅವರಿಗೆ ಸೀಟು ಸಿಕ್ಕಿತ್ತೋ ಇಲ್ಲವೋ ಎಂಬುದನ್ನು ಅವಲಂಬಿಸಿತ್ತು. ಎರಡನೆಯದು, ಬರೆದುಕೊಳ್ಳುವುದು. ಇದು ರಕ್ತಪಾತವಿಲ್ಲದೆ ನಡೆಯುತ್ತಿತ್ತಾದ್ದರಿಂದ ಯಾರಿಗೂ ನೆನಪಿಲ್ಲ. ಮೂರನೆಯದು, ದಂಗೆಯನ್ನು ಅಡಗಿಸುವುದು. ಅರ್ಧ ತರಗತಿಯನ್ನು ದಂಗೆಕೋರರನ್ನಾಗಿಯೂ ಇನ್ನರ್ಧವನ್ನು ಸೈನ್ಯವನ್ನಾಗಿಯೂ ಮಾಡಿ, ತಾವು ಕುರ್ಚಿಯ ಮೇಲೆ ನಿಂತು ಅಪ್ಪಣೆ ಕೊಟ್ಟರು. ದಂಗೆ ಅಡಗಿತು. ಒಂದು ಬೆಂಚು ಮುರಿಯಿತು, ಒಬ್ಬನ ಮುಂದಿನ ಹಲ್ಲು ಹೋಯಿತು. ಹಲ್ಲು ಹೋದವನ ತಂದೆ ಕೌದಳ್ಳಿಯಿಂದ ದೊಣ್ಣೆ ಹಿಡಿದು ಬಂದರು. ಮೇಷ್ಟ್ರು ಅವರನ್ನೂ ದಂಗೆಕೋರರ ಪಟ್ಟಿಗೆ ಸೇರಿಸಿ ಅಂಗಳದಲ್ಲಿ ಮಣ್ಣುಮುಕ್ಕಿಸಿದರು. ಆಮೇಲೆ ಇಬ್ಬರೂ ಬಾವಿಕಟ್ಟೆಯಲ್ಲಿ ಕುಳಿತು ಒಂದೇ ಲೋಟದಲ್ಲಿ ಟೀ ಹಂಚಿಕೊಂಡರು. ದೊಣ್ಣೆಯನ್ನು ಆ ತಂದೆ ಶಾಲೆಗೇ ದಾನ ಮಾಡಿ ಹೋದರು.

ನಾಲ್ಕನೆಯದು, ನಾಲ್ಕು ಜನರೆದುರು ಒಬ್ಬರ ಮಾನ ಇಳಿಸುವುದು. ಇದಕ್ಕೆ ಹೆಡ್‌ಮಾಸ್ತರನ್ನು ಬಳಸಿಕೊಂಡರು. ಅವರು ಬಾಗಿಲಲ್ಲಿ ಸುಮ್ಮನೆ ಹಾದುಹೋಗುತ್ತಿದ್ದಾಗ ಒಳಗೆ ಕರೆದು, ಅವರೇ ಬರೆದ ಇಂಗ್ಲಿಷ್ ಸುತ್ತೋಲೆಯನ್ನು ಮಕ್ಕಳೆದುರು ಓದಿ, ಕೆಂಪು ಸೀಮೆಸುಣ್ಣದಲ್ಲಿ ತಿದ್ದಿ, "ಥ್ಯಾಂಕ್ಯೂ ಸಾರ್, ಪಾಠ ಮುಗೀತು" ಎಂದು ಕಳಿಸಿಕೊಟ್ಟರು. ಆ ವರ್ಷ ಮೇಷ್ಟ್ರಿಗೆ ವಾರ್ಷಿಕ ವೇತನ ಬಡ್ತಿ ಬರಲಿಲ್ಲ. ಹುಡುಗರಿಗೆ ಮಾತ್ರ ನಾಲ್ಕನೆಯ ಅರ್ಥ ಮರೆಯಲಿಲ್ಲ.

ಐದನೆಯದನ್ನು ಅವರು ಒಂದೇ ಸಲ ಕಲಿಸಿದ್ದು. ಕಬ್ಬಿನ ಟ್ರ್ಯಾಕ್ಟರಿಗೆ ಸಿಕ್ಕಿ ಸೊಂಟ ಮುರಿದ ನಾಯಿಯೊಂದು ಎರಡು ಮುಂಗಾಲಲ್ಲಿ ಮೈಯನ್ನು ಎಳೆದುಕೊಂಡು ಶಾಲೆಯ ವರಾಂಡಕ್ಕೆ ಬಂದು ಬಿತ್ತು. ಅದರ ಊಳಾಟಕ್ಕೆ ಪಾಠ ನಿಂತಿತು. ಹೆಣ್ಣುಮಕ್ಕಳು ಕಿವಿ ಮುಚ್ಚಿಕೊಂಡರು. ಅಟೆಂಡರು ತನಗೆ ಬೇರೆ ಕೆಲಸವಿದೆಯೆಂದು ಕಂಡುಕೊಂಡ. ಮೇಷ್ಟ್ರು ಹೊರಗೆ ಬಂದರು, ಕನ್ನಡಕ ಜೇಬಿಗಿಳಿಸಿದರು, ಗೇಟಿಗೆ ಅಗುಳಿಯಾಗಿ ಹಾಕುವ ಕಬ್ಬಿಣದ ಸಲಾಕೆ ತೆಗೆದುಕೊಂಡರು. ಒಂದೇ ಏಟು. ಸುಣ್ಣ ಬಳಿದ ಗೋಡೆಯ ಮೇಲೆ ರಕ್ತ ಎದೆಯೆತ್ತರದವರೆಗೆ ಹಾರಿತು.

ಕೈ ತೊಳೆದುಕೊಂಡು ಒಳಗೆ ಹೋಗಿ, ನರಳುವ ಪ್ರಾಣಿಯನ್ನು ಕೊಂದು ನೋವು ನೀಗಿಸುವುದೂ ಪುಟ್ ಡೌನ್ ಎಂದು ಹಲಗೆಯ ಮೇಲೆ ವಾಕ್ಯ ಬರೆದರು. "ಇದು ಕೊನೇ ಅರ್ಥ," ಎಂದರು. "ಇದ್ನ ನೀವ್ ಬಳಸ್ಕೂಡ್ದು." ಆಮೇಲೆ ಅವರು ಶಾಲೆಯ ಹಿಂದಿನ ಬೇವಿನ ಮರದ ಬುಡದಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದುದನ್ನು ನಾನು ಕಂಡೆ. ಕಂಡದ್ದು ಅವರಿಗೂ ಗೊತ್ತಾಯಿತು. ಆ ವಿಷಯ ನಮ್ಮ ನಡುವೆ ಎಂದೂ ಬರಲಿಲ್ಲ.

ಸ್ಟಾಫ್ ರೂಮಿನಲ್ಲಿ ನಾವು ಜಗಳವಾಡುತ್ತಿದ್ದುದು ಬೇರೆ ವಿಷಯಕ್ಕೆ. ಒಂದು ‘ಪುಟ್’ ಇಟ್ಟುಕೊಂಡು ಇಷ್ಟು ಮೆರೆಯುವ ಅಗತ್ಯವಿಲ್ಲ, ನಮ್ಮ ‘ಹಾಕು’ ಅದಕ್ಕಿಂತ ದೊಡ್ಡ ರೌಡಿ ಎಂದು ನಾನು ವಾದಿಸುತ್ತಿದ್ದೆ. ಊಟ ಹಾಕು, ಬೇಲಿ ಹಾಕು, ಕೇಸು ಹಾಕು, ತಿಂದು ಹಾಕು, ಕಡಿದು ಹಾಕು.

"ಅಯ್ಯೋ ಪಂಡಿತ್ರೇ, ನಿಮ್ದು ಬರೀ ಬಾಯಲ್ಲಿ," ಎಂದು ಅವರು ನಗುತ್ತಿದ್ದರು. "ಒಂದಿನಾನಾರೂ ಮಕ್ಳಿಗೆ ಕಡ್ದು ಆಕಿ ತೋರ್ಸಿದೀರಾ?"

ತೋರಿಸಿಲ್ಲವೆಂದು ಒಪ್ಪಿಕೊಂಡೆ.

ಆದರೆ ಅವರಿಗೆ ‘ಪುಡ್ಡೌನ್’ ಎಂಬ ಅಡ್ಡಹೆಸರು ತಂದದ್ದು ಈ ಐದು ಪಾಠಗಳಲ್ಲಿ ಯಾವುದೂ ಅಲ್ಲ, ಗೇಟಿನ ಕವಾಯತು. ನಮ್ಮ ಹುಡುಗರು ಶಾಲೆಗೆ ಕುಡುಗೋಲು ತರುತ್ತಿದ್ದರು. ಇದರಲ್ಲಿ ಆಶ್ಚರ್ಯವೇನಿಲ್ಲ, ಸಂಜೆ ಮನೆಗೆ ಹೋಗುವಾಗ ದಾರಿಯಲ್ಲಿ ದನಕ್ಕೆ ಹುಲ್ಲು ಕುಯ್ದುಕೊಂಡು ಹೋಗದಿದ್ದರೆ ಅವರಿಗೆ ಊಟವಿರುತ್ತಿರಲಿಲ್ಲ. ಒಂದು ದಿನ ಗೋಲಿಯಾಟದ ಜಗಳದಲ್ಲಿ ಒಬ್ಬನ ಕುಡುಗೋಲು ಇನ್ನೊಬ್ಬನ ಕಿವಿಯ ಅರ್ಧವನ್ನು ತೆಗೆದುಕೊಂಡು ಹೋಯಿತು. ಮಾರನೆಯ ದಿನದಿಂದ ಮೇಷ್ಟ್ರು ಗೇಟಿನಲ್ಲಿ ನಿಂತರು.

"ಪುಟ್ ಇಟ್ ಡೌನ್."

ಕುಡುಗೋಲನ್ನು ಎಸೆಯುವಂತಿಲ್ಲ. ಅಲಗಿನ ಬಾಯಿ ಹೊರಗಿರುವಂತೆ ನೆಲಕ್ಕೆ ಮಲಗಿಸಿ, ಪಕ್ಕದಲ್ಲಿ ಮಂಡಿ ಮಡಚಿ ಕೂರಬೇಕು. ಬೆಳಿಗ್ಗೆಯಾದರೆ ಅವರು ಕಬ್ಬಿಣವನ್ನೆಲ್ಲ ನೋಡಿ, ಒಂದು ಕೋಣೆಯಲ್ಲಿ ಇರಿಸಿ ಬೀಗ ಹಾಕಿಸಿ, ಹುಡುಗರನ್ನು ಒಳಗೆ ಬಿಡುತ್ತಿದ್ದರು. ಸಂಜೆ ಅದೇ ಜಾಗದಲ್ಲಿ ಎಲ್ಲವನ್ನೂ ಮತ್ತೆ ಮಲಗಿಸಿ, ಪ್ರತಿಯೊಬ್ಬನೂ ತನ್ನದರ ಪಕ್ಕ ಕೂತ ಮೇಲೆ "ಪಿಕ್ ಇಟ್ ಅಪ್" ಎನ್ನುತ್ತಿದ್ದರು. ಅದನ್ನು ಹೇಳುವವರೆಗೆ ಯಾರೂ ಏಳುವಂತಿಲ್ಲ. ಬರಬರುತ್ತ ಈ ಶಾಸನ ಕುಡುಗೋಲನ್ನು ಮೀರಿ ಬೆಳೆಯಿತು. ಹುಡುಗರ ಕೈಯಲ್ಲಿ ಏನೇ ಇರಲಿ, ಕಲ್ಲಿರಲಿ, ಅನ್ನದ ತಟ್ಟೆಯಿರಲಿ, ಇನ್ನೊಬ್ಬನ ಜುಟ್ಟಿರಲಿ, ಆ ಮೂರು ಮಾತು ಕೇಳಿಸಿದರೆ ಅದು ಕೆಳಗೆ ಹೋಗಬೇಕು, ಅವನೂ ಕೂರಬೇಕು.

ಒಮ್ಮೆ ಸಂಜೆ ಪುಟ್ ಇಟ್ ಡೌನ್ ಎಂದವರು ಯಾರೋ ಕರೆದರೆಂದು ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋಗಿಬಿಟ್ಟರು. ಹುಡುಗರು ಕೂತೇ ಇದ್ದರು. ಹೊತ್ತು ಇಳಿಯಿತು. ದನಗಳು ಹಸಿದಿವೆಯೆಂದು ತಾಯಂದಿರು ಬಂದು ಬೈದರು. ಹಿರಿಯನಾದ ನಾನು ಮುಂದೆ ನಿಂತು, ಸಾಕು ಏಳಿ ಮಕ್ಕಳೇ ಎಂದು ಶುದ್ಧ ಕನ್ನಡದಲ್ಲಿ ಅಪ್ಪಣೆ ಕೊಟ್ಟೆ.

"ನೀವ್ ಯೋಳುದ್ರೆ ಆಗಾಕಿಲ್ಲ ಸಾ," ಎಂದ ಮುಂದೆ ಕೂತವನು, ವಿನಯದಿಂದ.

ಮೇಷ್ಟ್ರು ವಾಪಸು ಬಂದು ಆ ಮಾತು ಹೇಳಿದ ಮೇಲೇ ಅವರು ಎದ್ದದ್ದು. ಹೀಗೆ ವಿನಯದಿಂದ ಉತ್ತರ ಕೊಟ್ಟವನು ಮಾದೇಶ. ಅವನ ಪಕ್ಕದಲ್ಲಿ ಕೂತು ಮುಸಿಮುಸಿ ನಗುತ್ತಿದ್ದವನು ಸಿದ್ದರಾಜು, ಅವನ ದೊಡ್ಡಪ್ಪನ ಮಗ. ಇಬ್ಬರೂ ಒಂದೇ ಬೆಂಚು. ಮಾದೇಶ ಕುಡುಗೋಲಿನಲ್ಲಿ ನಿಪುಣ. ಅವನು ಕುಯ್ದ ಹುಲ್ಲು ಅಳತೆಯಿಟ್ಟು ಕತ್ತರಿಸಿದ ಹಾಗಿರುತ್ತಿತ್ತು. ಸಿದ್ದರಾಜು ಅಣಕಿಸುವುದರಲ್ಲಿ ನಿಪುಣ. ಊಟದ ಹೊತ್ತಿನಲ್ಲಿ ಗೋಡೆಯ ಹಿಂದೆ ನಿಂತು ಮೇಷ್ಟ್ರ ದನಿಯಲ್ಲಿ "ಪುಟ್ ಇಟ್ ಡೌನ್" ಎಂದರೆ ಇಡೀ ವರಾಂಡ ತಟ್ಟೆ ಕೆಳಗಿಟ್ಟು ಕೂತುಬಿಡುತ್ತಿತ್ತು. ಅವನು ಸಾವಕಾಶವಾಗಿ ಬಂದು ಎಲ್ಲರ ತಟ್ಟೆಯಿಂದ ಉಪ್ಪಿನಕಾಯಿ ಎತ್ತಿಕೊಳ್ಳುತ್ತಿದ್ದ. ಸಿಕ್ಕಿಬಿದ್ದ ದಿನ ಮೇಷ್ಟ್ರು ಅವನ ಬೆನ್ನಿನ ಮೇಲೆ ಎರಡು ಬೆತ್ತ ಮುರಿದರು. ಆಮೇಲೆ ಸ್ಟಾಫ್ ರೂಮಿಗೆ ಬಂದು, "ಉಚ್ಚಾರಣೆ ನಂಗಿಂತ ಚೆನ್ನಾಗದೆ ಕಣ್ರಿ ಬಡ್ಡೀಮಗಂದು," ಎಂದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಈ ಇಬ್ಬರು ಹುಡುಗರೂ ದೊಡ್ಡವರಾದರು, ಮದುವೆಯಾದರು, ಹೊಲ ಪಾಲಾಯಿತು. ಪಾಲಾದ ಎರಡು ಹೊಲಗಳ ಬದುವಿನ ಮೇಲೆ ಒಂದು ಹುಣಸೆಮರವಿತ್ತು. ಬುಡ ಒಬ್ಬನ ಕಡೆ, ಕೊಂಬೆಗಳೆಲ್ಲ ಇನ್ನೊಬ್ಬನ ಕಡೆ. ಮರಕ್ಕೆ ಕಾನೂನು ತಿಳಿಯದು.

ನಾವಿಬ್ಬರೂ ನಿವೃತ್ತರಾದ ಮೇಲಿನ ಮಾತು. ಬಂಡಳ್ಳಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮಗಳ ಮದುವೆ ಊಟ ಮುಗಿಸಿ, ಹೊದಿಸಿದ ಶಾಲು ಹೆಗಲ ಮೇಲೆ ಹಾಕಿಕೊಂಡೇ ಹನೂರಿನ ಬಸ್ಸು ಹತ್ತಿದ್ದೆವು. ಮೇಷ್ಟ್ರು ಹೋಳಿಗೆ ಬಗ್ಗೆ ಅಸಮಾಧಾನ ತೋಡಿಕೊಳ್ಳುತ್ತಿದ್ದರು. ಬಸ್ಸು ನಿಂತಿತು. ರಸ್ತೆಯ ಮೇಲೆ ಜನ. ಹೆಂಗಸರ ಕೂಗು. ಡ್ರೈವರು ಇಂಜಿನ್ ಆರಿಸಿದ.

"ಇಳೀಬ್ಯಾಡಿ ಸಾ," ಎಂದ ಕಂಡಕ್ಟರು, ಕಿಟಕಿಯಿಂದ ತಲೆ ಒಳಗೆಳೆದುಕೊಂಡು. "ಮಚ್ಚಾಕವ್ರೆ."

ಮೇಷ್ಟ್ರು ಇಳಿದರು. ಅವರ ಹಿಂದೆ ನಾನೂ ಇಳಿದೆ. ಧೈರ್ಯದಿಂದಲ್ಲ, ಅವರ ಕೊಡೆ ನನ್ನ ಕೈಯಲ್ಲಿತ್ತು.

ಹುಣಸೆಮರದ ಕೆಳಗೆ ಸಿದ್ದರಾಜು ಅಂಗಾತ ಬಿದ್ದಿದ್ದ. ಬಲಗೈ ಮೊಣಕೈಯಿಂದ ಕೆಳಗೆ ಸೀಳಿಹೋಗಿ ಬಿಳಿಯ ಮೂಳೆ ಕಾಣುತ್ತಿತ್ತು. ಭುಜದ ಮೇಲೆ ಇನ್ನೊಂದು ಗಾಯ. ಉದುರಿದ ಹುಣಸೆಹಣ್ಣುಗಳ ಮೇಲೆ ರಕ್ತ ಹರಿದು, ಅವನು ಎಡಗೈಯಲ್ಲಿ ನೆಲ ಕೆರೆಯುತ್ತ ಹಿಂದಕ್ಕೆ ಸರಿಯಲು ನೋಡುತ್ತಿದ್ದ. ಅವನ ಮೇಲೆ ಎರಡೂ ಕಾಲು ಅಗಲಿಸಿ ಮಾದೇಶ ನಿಂತಿದ್ದ. ಮಚ್ಚು ತಲೆಯ ಮೇಲಿತ್ತು. ಮುಖವೆಲ್ಲ ಇನ್ನೊಬ್ಬನ ರಕ್ತ. ದೂರದಲ್ಲಿ ಹತ್ತಾರು ಗಂಡಸರು ಕೋಲು ಹಿಡಿದು ನಿಂತು, ಯಾರಾದರೂ ಏನಾದರೂ ಮಾಡಬೇಕೆಂದು ಒಮ್ಮತದಿಂದ ಅಭಿಪ್ರಾಯಪಡುತ್ತಿದ್ದರು.

ಮೇಷ್ಟ್ರು ಎಡಗೈಯಿಂದ ಕನ್ನಡಕ ತೆಗೆದು ಜೇಬಿಗಿಳಿಸಿದರು.

"ಪುಟ್ ಇಟ್ ಡೌನ್."

ಕೂಗಲಿಲ್ಲ. ಗೇಟಿನಲ್ಲಿ ಹೇಗೆ ಹೇಳುತ್ತಿದ್ದರೋ ಹಾಗೆ. ಮಾದೇಶನ ಕಣ್ಣು ಮೊದಲು ಆ ಖಾಲಿ ಮುಖದ ಮೇಲೆ, ಆಮೇಲೆ ಜೇಬಿನ ಮೇಲೆ ನಿಂತಿತು. ಮಚ್ಚು ಇಳಿಯಿತು. ಅವನು ಅದನ್ನು ಎಸೆಯಲಿಲ್ಲ. ಬಗ್ಗಿ, ಬಾಯಿ ಹೊರಗಿರುವಂತೆ ನೆಲಕ್ಕೆ ಮಲಗಿಸಿ, ಪಕ್ಕದಲ್ಲಿ ಮಂಡಿ ಮಡಚಿ ಕೂತ.

ಮೇಷ್ಟ್ರು ಅವನನ್ನು ದಾಟಿ ಹೋದರು. ಮದುವೆಯ ಶಾಲು ಹರಿದು ಸಿದ್ದರಾಜುವಿನ ತೋಳಿಗೆ ಬಿಗಿದರು. ಒಂದು ಗೂಡ್ಸ್ ಆಟೋ ನಿಲ್ಲಿಸಿ, ಕೋಲು ಹಿಡಿದ ಗಂಡಸರಿಗೆ ಬಯ್ದು ಅವನನ್ನು ಎತ್ತಿಸಿ, ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, "ನಡಿಯಲಾ ಕೊಳ್ಳೇಗಾಲ್ಕೆ," ಎಂದರು. ಧೂಳೆದ್ದಿತು.

ನನ್ನ ಪಾಲಿಗೆ ಬಂದದ್ದು ನಿಂತು ನೋಡುವ ಕೆಲಸ. ಆ ಕೆಲಸದಲ್ಲಿ ನನಗೆ ಅನುಭವವಿದೆ. ಮಾದೇಶನ ಸೋದರಮಾವ ಬಂದು ಅವನ ರಟ್ಟೆ ಹಿಡಿದೆಳೆದ.

"ಏಳ್ಲಾ. ಕಾಡ್ಗೆ ನುಗ್ಗುದ್ರೆ ಬೆಳಗಾಗೊತ್ಗೆ ತಮಿಳ್ನಾಡು ಸೇರ್ಕತೀಯ. ಪೋಲಿಸ್ನೋರು ಬತ್ತಾವ್ರೆ."

"ಮೇಷ್ಟ್ರು ಇನ್ನೂವೆ ಪಿಕ್ ಇಟ್ ಅಪ್ ಅಂದಿಲ್ಲ ಕಣ್ ಮಾವ."

"ಅವ್ರು ಕೊಳ್ಳೇಗಾಲ್ಕೆ ಓದ್ರು ಕಣೋ ಮುಂಡೇದೆ."

"ಬತ್ತಾರೆ."

ಹೆಂಡತಿ ರತ್ನ ಅವನ ತಲೆಗೂ ಬೆನ್ನಿಗೂ ಎರಡೂ ಕೈಯಿಂದ ಬಡಿದಳು, ಅತ್ತಳು, ಮಚ್ಚನ್ನೇ ಎತ್ತಿ ಬಾವಿಗೆ ಹಾಕಿಬರಲು ಹೋದಳು. ಅವನು ಅವಳ ಕೈ ಹಿಡಿದು ಬಿಡಿಸಿದ. ಪೊಲೀಸರು ಬರುವವರೆಗೆ ಕದಲಲಿಲ್ಲ. ಜೀಪಿಗೆ ಹತ್ತುವಾಗ ನನ್ನ ಕಡೆ ನೋಡಿದ. ಹಿಂದೊಮ್ಮೆ ನನ್ನ ಅಪ್ಪಣೆ ನಡೆಯದ ವಿಷಯ ಇಬ್ಬರಿಗೂ ನೆನಪಿತ್ತು.

ಸಿದ್ದರಾಜು ಬದುಕಿದ. ಕೈ ಉಳಿಯಿತು, ಕೈಯ ಕೆಲಸ ಉಳಿಯಲಿಲ್ಲ. ಬೆರಳುಗಳು ಒಳಕ್ಕೆ ಮುದುಡಿಕೊಂಡವು.

ಕೊಳ್ಳೇಗಾಲದ ಕೋರ್ಟಿನಲ್ಲಿ ಮೇಷ್ಟ್ರು ಮುಖ್ಯ ಸಾಕ್ಷಿ. ಮಾದೇಶನ ಪರ ವಕೀಲನೂ ಅವರ ಶಿಷ್ಯನೇ. ಪುಟ್ ಡೌನ್ ಎಂಬುದಕ್ಕೆ ಕೊಲ್ಲು ಎಂಬ ಅರ್ಥವೂ ಉಂಟು, ಆದ್ದರಿಂದ ಸಾಕ್ಷಿಯೇ ಆರೋಪಿಯನ್ನು ಹುರಿದುಂಬಿಸಿರಬಹುದು ಎಂದು ಅವನು ವಾದ ಹೂಡಿದ. ಆ ಮಾತು ಹೇಳಿದ ಮೇಲೆ ಒಂದು ಏಟೂ ಬಿದ್ದಿರಲಿಲ್ಲ ಎಂಬ ಸಣ್ಣ ತೊಡಕು ಈ ವಾದಕ್ಕಿತ್ತು.

"ಆ ಅರ್ಥ ಇದೆಯೋ ಇಲ್ಲವೋ, ಅಷ್ಟೇ ಹೇಳಿ."

"ಅದೆ. ನಾನೇ ಕಲ್ಸಿದ್ದು. ನೀನು ಮೂರ್ನೇ ಬೆಂಚಲ್ಲಿ ಕಿವಿ ಮುಚ್ಕೊಂಡು ಕುಂತಿದ್ದೆ."

ವಕೀಲರಿಗೆ ಬಹುವಚನ ಬಳಸಬೇಕೆಂದು ನ್ಯಾಯಾಧೀಶರು ಸೂಚಿಸಿದರು. ಕಿವಿ ಮುಚ್ಚಿಕೊಂಡು ಕೂತಿದ್ರಿ ಎಂದು ಮೇಷ್ಟ್ರು ತಿದ್ದಿಕೊಂಡರು.

"ಅಂದು ಯಾವ ಧಾಟಿಯಲ್ಲಿ ಹೇಳಿದಿರಿ? ಕೋರ್ಟಿಗೆ ಕೇಳಿಸುವಂತೆ ಹೇಳಿ ತೋರಿಸಿ."

ವಕೀಲಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಅವನು ಇನ್ನು ಮಾಡಲಾರ. ಮೇಷ್ಟ್ರು ಪೀಠದ ಕಡೆ ನೋಡಿ ಅನುಮತಿ ಪಡೆದರು, ಕನ್ನಡಕ ತೆಗೆದರು, ಹೇಳಿದರು. ವಕೀಲನ ಫೈಲು ನೆಲಕ್ಕೆ ಹೋಯಿತು. ಬಾಗಿಲ ಕಾನ್‌ಸ್ಟೇಬಲ್ಲಿನ ಲಾಠಿ ಇಳಿಯಿತು. ಟೈಪಿಸ್ಟ್ ಕೀಲಿಮಣೆಯಿಂದ ಕೈ ಎತ್ತಿಬಿಟ್ಟ. ಹಿಂದಿನ ಸಾಲುಗಳಲ್ಲಿ ಚೀಲ, ಬುತ್ತಿ, ಮೊಬೈಲುಗಳು ನೆಲ ಸೇರಿದ ಸದ್ದು ಮಳೆಯ ಮೊದಲ ಹನಿಗಳಂತೆ ಕೇಳಿತು. ನ್ಯಾಯಾಧೀಶರು ಬೇರೆ ಜಿಲ್ಲೆಯವರು. ಅವರ ಪೆನ್ನು ಮಾತ್ರ ಕೈಯಲ್ಲೇ ಉಳಿದಿತ್ತು. ಕಟಕಟೆಯೊಳಗೆ ಮಾದೇಶ ಮಂಡಿ ಮಡಚಿ ಕೂತಿದ್ದ.

ಒಬ್ಬೊಬ್ಬರೇ ನಾಚಿಕೊಂಡು ತಮ್ಮ ತಮ್ಮದನ್ನು ಎತ್ತಿಕೊಂಡರು. ಮಾದೇಶನನ್ನು ಇಬ್ಬರು ಪೊಲೀಸರು ತೋಳು ಹಿಡಿದು ನಿಲ್ಲಿಸಬೇಕಾಯಿತು. ಅವನು ಮೇಷ್ಟ್ರನ್ನೇ ನೋಡುತ್ತಿದ್ದ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಕಿಟಕಿಯಾಚೆ ನೋಡಿದರು. ಪಿಕ್ ಇಟ್ ಅಪ್ ಎಂಬ ಎರಡನೆಯ ಮಾತನ್ನು ಹೇಳಲಿಲ್ಲ.

ಓಡಿಹೋಗದೆ ಕೂತಿದ್ದನೆಂಬ ಕಾರಣಕ್ಕೆ ಶಿಕ್ಷೆ ಕಡಿಮೆಯಾಯಿತು. ಕೂತಿರದಿದ್ದರೆ ಸಿಕ್ಕುತ್ತಲೇ ಇರಲಿಲ್ಲ ಎಂದು ಅವನ ಕಡೆಯವರು ಹೇಳುತ್ತಾರೆ. ಎರಡೂ ನಿಜ.

ಜೈಲಿನಿಂದ ಬಂದವನು ಮತ್ತೆ ಕಬ್ಬಿಣ ಮುಟ್ಟಲಿಲ್ಲ. ಮಚ್ಚಿಲ್ಲ, ಕುಡುಗೋಲಿಲ್ಲ, ತರಕಾರಿ ಹೆಚ್ಚುವ ಈಳಿಗೆಮಣೆಯನ್ನೂ ದಾಟಿಕೊಂಡು ಹೋಗುತ್ತಿದ್ದ. ಮೇಷ್ಟ್ರ ಬಾಯಿಂದ ಅಪ್ಪಣೆ ಆಗದೆ ಮುಟ್ಟುವುದಿಲ್ಲವೆಂದು ಮಾದಪ್ಪನ ಬೆಟ್ಟದ ಕಡೆ ಕೈಯೆತ್ತಿ ಹೇಳಿಬಿಟ್ಟಿದ್ದ. ಆ ಕಡೆ ಕೈಯೆತ್ತಿ ಹೇಳಿದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ. ಕಬ್ಬು ಕಡಿಯುವ ಗುಂಪುಗಳು ಗಂಡಹೆಂಡಿರನ್ನು ಜೋಡಿಯಾಗಿ ಕರೆಯುತ್ತವೆ. ಈ ಜೋಡಿಯಲ್ಲಿ ಹೆಂಡತಿ ಕಡಿಯುತ್ತಿದ್ದಳು, ಗಂಡ ಹೊರೆ ಕಟ್ಟುತ್ತಿದ್ದ. ಊರವರು ಅವನನ್ನು ಮಾದಮ್ಮ ಎನ್ನತೊಡಗಿದರು. ಬರಬರುತ್ತ ಯಾವ ಗುಂಪೂ ಕರೆಯದಾಯಿತು.

ಒಂದು ಬೆಳಿಗ್ಗೆ ಗಂಡಹೆಂಡಿರಿಬ್ಬರೂ ಮೇಷ್ಟ್ರ ಕೊಳ್ಳೇಗಾಲದ ಮನೆಗೆ ಬಂದರು. ನಾನೂ ಅಲ್ಲಿದ್ದೆ. ಮಾದೇಶ ಗೇಟಿನಾಚೆಯೇ ನಿಂತ. ರತ್ನ ಜಗುಲಿಯವರೆಗೆ ಬಂದಳು. ಅವಳ ಅಂಗೈಯಲ್ಲಿ ಬೊಬ್ಬೆಗಳು ಒಡೆದು ಬಟ್ಟೆ ಸುತ್ತಿದ್ದಳು.

"ಒಂದ್ ಮಾತು ಸಾ. ಆ ಇಂಗ್ಲೀಸಲ್ಲಿ ಒಂದ್ ಮಾತು ಅಂದ್ಬುಡಿ. ನಿಮ್ಮ ಬಾಯೇನ್ ಸವ್ದೋಗಾಕಿಲ್ಲ."

"ಇಲ್ಲ ಕಣವ್ವ."

"ಆಗಿದ್ ಆಗೋಯ್ತು ಸಾ. ಶಿಕ್ಸೆ ತಿಂದವ್ರೆ. ಇನ್ನೆಷ್ಟು ದಿನ ಕೂರ್ಸೀರಿ ಅವ್ರ್ನ?"

"ಇಲ್ಲ ಅಂದ್ನಲ್ಲ, ಓಗು."

ಅವಳು ಅಂಗಳದ ಮಣ್ಣು ತೆಗೆದು ಅವರ ಮನೆಯ ಕಡೆ ತೂರಿ ಹೋದಳು. ಮೇಷ್ಟ್ರು ಅಲ್ಲಾಡಲಿಲ್ಲ. ಕಟುಕನೂ ಇಷ್ಟು ಬಿಗಿಯಾಗಿರುವುದಿಲ್ಲ ಎಂದು ನಾನು ಹೇಳಿಯೇಬಿಟ್ಟೆ.

ಅವರು ಕನ್ನಡಕ ಒರೆಸಿದರು. "ಪಂಡಿತ್ರೇ, ಅವತ್ತು ನಂಗೆ ಅವ್ನು ಇಡ್ತಾನೆ ಅಂತ ನಂಬ್ಕೆ ಇತ್ತು ಅನ್ಕಂಡಿದೀರಾ? ಬಾಯಿಗೆ ಬೇರೆ ಮಾತು ಬರ್ನಿಲ್ಲ, ಅದನ್ನೇ ಅಂದೆ. ನಾಳೆ ನಾನು ಎತ್ಕೋ ಅಂದು, ಅವ್ನು ಎತ್ಕಂಡು, ಅದು ಇನ್ನೊಬ್ಬನ್ ಕುತ್ಗೆ ಮೇಲೆ ಇಳುದ್ರೆ ಆ ಏಟು ಯಾರ್ದು?"

"ಆದರೂ ಯಾರಾದರೂ ಹೇಳಬೇಕಲ್ಲ."

"ಯೋಳ್ಬೇಕು. ಏಟು ತಿಂದೋನು ನಾನಲ್ವಲ್ಲ."

ಮಾರ್ಗಶಿರದಲ್ಲಿ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ ಹೋದರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ಮೊದಲ ಉತ್ತರ, "ಬಚ್ಚಲಿಗೆ ಏನಾಯಿತು?" ಎಂದಿತ್ತು. ಶೋಕದಲ್ಲಿ ಇಷ್ಟು ಗೌರವ ಬೆರೆತಿರುವುದನ್ನು ನಾನು ಕಂಡಿಲ್ಲ.

ಯಳಂದೂರಿಗೆ ಒಯ್ದರು. ಹನೂರು ಕಡೆಯಿಂದ ಎರಡು ಟೆಂಪೊ ತುಂಬ ಜನ ಬಂದಿದ್ದರು. ಚಟ್ಟಕ್ಕೆ ಹೆಗಲು ಕೊಡಲು ನೂಕುನುಗ್ಗಲು. ಒಬ್ಬನ ಅಂಗಿ ಹರಿಯಿತು, ಇಬ್ಬರು ಕೈಮಿಲಾಯಿಸಿದರು. ಸತ್ತವರಿಗೆ ತೃಪ್ತಿಯಾಗುವಂಥ ಮೆರವಣಿಗೆ. ಪದ್ಧತಿಯಂತೆ ನಡುದಾರಿಯಲ್ಲಿ ಚಟ್ಟ ಇಳಿಸುವಾಗ ಒಂದು ಗಳಿಗೆ ಎಲ್ಲರೂ ತಡೆದರು, ಅಪ್ಪಣೆಗೆ ಕಾಯುವವರಂತೆ. ಅಪ್ಪಣೆ ಕೊಡಬೇಕಾದವರು ಮೇಲೆ ಮಲಗಿದ್ದರು.

ಹೊಳೆಯ ದಂಡೆಯಲ್ಲಿ ಸೌದೆ ಒಟ್ಟಿತ್ತು. ಚಟ್ಟದ ಕಟ್ಟು ಕುಯ್ಯಬೇಕಿತ್ತು. ಬಿದಿರು ಕಡಿದ ಮಚ್ಚು ಅಲ್ಲೇ ಮರಳ ಮೇಲೆ ಬಿದ್ದಿತ್ತು.

"ಯಾರಾದ್ರೂ ಕಟ್ಟು ಕುಯ್ರಪ್ಪ," ಎಂದ ಮೇಷ್ಟ್ರ ತಮ್ಮನ ಮಗ.

ಮಚ್ಚಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವನು ಮಾದೇಶ. ಹೆಗಲು ಕೊಟ್ಟು ಬಂದಿದ್ದ, ಅಂಗಿಯ ಮೇಲೆ ಹೂವಿನ ಎಸಳುಗಳಿದ್ದವು. ಅವನು ಕದಲಲಿಲ್ಲ. ವಿಷಯ ತಿಳಿಯದ ಯಳಂದೂರಿನವರು, "ಎತ್ಕಳಪ್ಪ, ಏನ್ ನೋಡ್ತಾ ನಿಂತಿದ್ದೀಯೆ," ಎಂದರು. ವಿಷಯ ತಿಳಿದ ನಾನು ಬಾಯಿ ತೆರೆದೆ. ನನ್ನ ಅಪ್ಪಣೆಯ ಬೆಲೆ ಗೊತ್ತಿದ್ದುದರಿಂದ ಮುಚ್ಚಿಕೊಂಡೆ.

ಆಗ ಗುಂಪಿನ ಹಿಂದಿನಿಂದ ಮೇಷ್ಟ್ರು ಮಾತಾಡಿದರು.

"ಪಿಕ್ ಇಟ್ ಅಪ್."

ಟೆಂಪೊದಲ್ಲಿ ಬಂದವರ ಮೈ ಜುಮ್ಮೆಂದಿತು. ಒಬ್ಬನಂತೂ ಚಟ್ಟದ ಕಡೆಗೇ ನೋಡಿದ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಸಿದ್ದರಾಜು ಮುಂದೆ ಬಂದ. ಮುದುಡಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಮಾದೇಶನ ಎದುರು, ತೋಳಳತೆಯಷ್ಟು ಹತ್ತಿರ, ಬಂದು ನಿಂತ. ಆ ಹುಣಸೆಮರದ ಕೆಳಗಿನ ದಿನದಿಂದ ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದಿಲ್ಲ.

"ಕೇಳುಸ್ನಿಲ್ವಾ ನಿಂಗೆ?" ಎಂದ, ತನ್ನದೇ ದನಿಯಲ್ಲಿ.

ಮಾದೇಶ ಬಗ್ಗಿ ಮಚ್ಚು ಎತ್ತಿಕೊಂಡ. ಅವನ ಕೈ ಅದರ ಹಿಡಿಯನ್ನು ಮರೆತಿರಲಿಲ್ಲ. ನಾಲ್ಕು ಕಡೆಯ ಕಟ್ಟನ್ನೂ ನಾಲ್ಕೇ ಎಳೆತಕ್ಕೆ ಕುಯ್ದ. ಮೇಷ್ಟ್ರ ಮೈಗೆ ಅಲಗು ತಾಗಲಿಲ್ಲ. ಆಮೇಲೆ ನೆಟ್ಟಗೆ ನಿಂತು, ಮಚ್ಚನ್ನು ಹಿಡಿದುಕೊಂಡೇ ತಿರುಗಿದ. ಸಿದ್ದರಾಜು ನಿಂತಲ್ಲೇ ನಿಂತಿದ್ದ. ಹೆಂಗಸರ ಗುಂಪಿನಲ್ಲಿ ರತ್ನ ಬಟ್ಟೆ ಸುತ್ತಿದ ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇಬ್ಬರ ನಡುವೆ ಅಲಗು ಬಿಸಿಲಿಗೆ ಹೊಳೆಯುತ್ತಿತ್ತು.

ಸಿದ್ದರಾಜು ಅವಸರ ಮಾಡಲಿಲ್ಲ. ಮೇಷ್ಟ್ರೂ ಮಾಡುತ್ತಿರಲಿಲ್ಲ.

"ಪುಟ್ ಇಟ್ ಡೌನ್," ಎಂದ.

ಮಾದೇಶ ಬಾಯಿ ಹೊರಗಿರುವಂತೆ ಅದನ್ನು ಮರಳ ಮೇಲೆ ಮಲಗಿಸಿದ. ಈ ಸಲ ಕೂರಲಿಲ್ಲ. ಚಟ್ಟದ ತಲೆಯ ಕಡೆಗೆ ಕೈಹಾಕಿದ. ಕಾಲಿನ ಕಡೆಗೆ ಸಿದ್ದರಾಜು ತನ್ನ ಒಂದೇ ಕೈಯನ್ನು ಹಾಕಿದ.